ಕಾರವಾರ ಕೊಲ್ಲಿಯ ಕರಪತ್ರ

ಕಾರವಾರದ ಕೊಲ್ಲಿಯಲ್ಲಿ ಸೂರ್ಯ ಸಮುದ್ರದಿಂದ ಏಳುತ್ತಾನೆಂದು ದಿಲೀಪ ಪ್ರವಾಸದ ಕರಪತ್ರದಲ್ಲಿ ಬರೆದಿದ್ದ. ಜಗತ್ ಸರ್ಕಲ್‌ನ ಅವನ ಟ್ರಾವೆಲ್ಸ್ ಅಂಗಡಿಗೆ ಬಂದ ಸಂಘಮಿತ್ರಾ ಆ ಸಾಲಿನ ಕೆಳಗೆ ಕೆಂಪು ಪೆನ್ನಿನಿಂದ ಗೆರೆ ಎಳೆದಳು. ಕಮಲಾಪುರದ ಕಾಲೇಜಿನಲ್ಲಿ ಅವಳು ಭೌತಶಾಸ್ತ್ರ ಕಲಿಸುತ್ತಾಳೆ. ಈ ಸಲದ ವಿದ್ಯಾರ್ಥಿಗಳ ಪ್ರವಾಸದ ಹೊಣೆ ಅವಳದು.

“ಪಶ್ಚಿಮಕ್ಕ ಸಮುದ್ರ ಇದ್ರ ಸೂರ್ಯ ಅಲ್ಲಿ ಮುಳುಗ್ತಾನ್ರೀ, ಹುಟ್ಟಂಗಿಲ್ಲ. ನೀವು ಸಮುದ್ರ ನೋಡೀರೇನು?”

“ಇಲ್ರೀ ಮೇಡಂ. ಆರು ವರ್ಷದಿಂದ ಮಂದೀನ ಕಳಸಾಕತ್ತೀನಿ, ಅಷ್ಟ.”

ಕನ್ನಡಕದ ಮೇಲಿಂದ ಅವಳು ಅವನನ್ನು ನೋಡಿದಳು. ನಗಲಿಲ್ಲ; ನಗೆಯನ್ನು ತಡೆದದ್ದು ಮಾತ್ರ ತುಟಿಯ ಒಂದು ಕೊನೆಯಲ್ಲಿ ಕಾಣಿಸಿತು. ಆ ಕೊನೆ ದಿಲೀಪನಿಗೆ ವಾರವಿಡೀ ನೆನಪಿತ್ತು.

ಮುಂದಿನ ಶನಿವಾರ ಅವಳು ಬಂದಾಗ ಎರಡನೆಯ ಕರಡಿನಲ್ಲಿ ಸದಾಶಿವಗಡದ ಕೋಟೆ ಕಾಳಿ ನದಿಯ ದಕ್ಷಿಣ ದಡಕ್ಕೆ ಬಂದಿತ್ತು. ಅವಳು ಅದನ್ನು ಉತ್ತರಕ್ಕೆ ದಾಟಿಸಿದಳು. ಮೂರನೆಯ ಕರಡಿನ ಪ್ರಕಾರ ಕೂರ್ಮಗಡ ದ್ವೀಪಕ್ಕೆ ನಡೆದೇ ಹೋಗಬಹುದಿತ್ತು.

“ದೋಣಿ ಬ್ಯಾಡೇನು? ನಮ್ಮ ಹುಡುಗ್ರು ನೀರ ಮ್ಯಾಲ ನಡಿಯೂವಷ್ಟು ಶಾಣ್ಯಾ ಇಲ್ರೀ.”

ತಿದ್ದಿ ಮುಗಿದ ಮೇಲೆ ಅವಳ ಚೀಲದಿಂದ ಕಮಲಾಪುರದ ಕೆಂಪು ಬಾಳೆಹಣ್ಣು ಹೊರಬರುತ್ತಿತ್ತು. ಅವನಿಗೊಂದು, ಅವಳಿಗೊಂದು. ಸಿಪ್ಪೆ ಸುಲಿಯುವಾಗಲೂ ಅವಳದು ಅಳತೆಯ ಕೆಲಸ.

ನಾಲ್ಕನೆಯ ಕರಡು ಅಚ್ಚಿಗೆ ಹೋಗಲೇಬೇಕಿತ್ತು. ತಪ್ಪಿದ್ದರೆ ವಿದ್ಯಾರ್ಥಿಗಳು ಅಲ್ಲಿ ಪರದಾಡುತ್ತಾರೆ. ತಪ್ಪಿಲ್ಲದಿದ್ದರೆ ಅವಳು ಮತ್ತೆ ಬರಲು ಕಾರಣವಿರುವುದಿಲ್ಲ. ದಿಲೀಪ ಎರಡು ದಿನ ಕೂತು ಎಲ್ಲವನ್ನೂ ಸರಿಯಾಗಿ ಬರೆದ.

ಅವಳು ಎರಡು ಸಲ ಓದಿದಳು. ಪೆನ್ನಿನ ಮುಚ್ಚಳ ತೆಗೆಯಲಿಲ್ಲ.

“ತಪ್ಪ ಇಲ್ಲಲ್ರೀ.”

“ಮೊದಲನೇದು ಖರೇನ ತಿಳೀದ ಆಗಿತ್ರೀ. ಆಮ್ಯಾಲಿನ ಎರಡು ಬೇಕಂತನ ಮಾಡಿದ್ದೆ, ನೀವು ಬರ್ಲಿ ಅಂತ.”

“ಗೊತ್ತದ.” ಅವಳು ಅವನ ಬೆನ್ನ ಹಿಂದಿನ ಗೋಡೆ ತೋರಿಸಿದಳು. ಅಲ್ಲಿ ತೂಗುಹಾಕಿದ್ದ ಕಾರವಾರದ ನಕ್ಷೆಯಲ್ಲಿ ಸದಾಶಿವಗಡ ಮೊದಲಿಂದಲೂ ಸರಿಯಾದ ದಡದಲ್ಲೇ ಇತ್ತು. “ಗೊತ್ತಿದ್ದೂ ಕಮಲಾಪುರದಿಂದ ಬಸ್ ಹತ್ತಿ ಬಂದೀನಿ. ಅದಕ್ಕೇನಂತೀರಿ?”

ದಿಲೀಪ ತಿರುಗಿ ನಕ್ಷೆಯನ್ನು ನೋಡಿದ. ಅವಳು ಬಸ್ಸಿನ ಸೀಟುಗಳ ಪಟ್ಟಿಯನ್ನು ಮೇಜಿನ ಮೇಲಿಟ್ಟಳು. ನಲವತ್ತು ವಿದ್ಯಾರ್ಥಿಗಳು, ಇಬ್ಬರು ಉಪನ್ಯಾಸಕರು. ಅವಳ ಹೆಸರಿನ ಕೆಳಗೆ, ಕಿಟಕಿಯ ಪಕ್ಕದ ಸೀಟಿಗೆ, ಕೆಂಪು ಶಾಯಿಯಲ್ಲಿ ಅವನ ಹೆಸರಿತ್ತು.

“ಸೂರ್ಯ ಎಲ್ಲಿ ಮುಳುಗ್ತಾನಂತ ನಿಮ್ಮ ಕಣ್ಲೆ ನೋಡಿ ಬರೀರಿ,” ಎಂದಳು. “ಪಕ್ಕದಾಗ ನಾ ಕೂತಿರ್ತೀನಿ. ತಪ್ಪಿದ್ರ ತಿದ್ದತೀನಿ.”

ಆರು ವರ್ಷದಲ್ಲಿ ಮೊದಲ ಸಲ ದಿಲೀಪ ತನ್ನದೇ ಹೆಸರಿಗೆ ಒಂದು ಟಿಕೆಟ್ ಬರೆದ.