‘ಟಿ’ ಅಂದರೆ ಯಾವೂರು?

ನನ್ನ ಇನಿಷಿಯಲ್ ಏನೆಂದು ಕೇಳಿದವರ ಮೇಲೆ ನನಗೆ ಸಿಟ್ಟು ಬರುತ್ತದೆ. ಅಮೃತೇಶನ ಮೇಲೂ ಬಂದಿತ್ತು. ನಂಜನಗೂಡಿನ ಡಿಗ್ರಿ ಕಾಲೇಜಿಗೆ ಸೇರಿದ ಮೊದಲ ವಾರ, ಅಟೆಂಡೆನ್ಸ್ ಕೂಗಿ ಮುಗಿಯುತ್ತಿದ್ದಂತೆ ಹಿಂದಿನ ಬೆಂಚಿನಿಂದ ಬಗ್ಗಿ ಕೇಳಿದ.

"ಟಿ. ನಯನ... ಟಿ ಅಂದ್ರೆ ಯಾವೂರು?"

"ಟಿ. ನರಸೀಪುರ," ಅಂದೆ, ತಿರುಗದೆ.

"ಅಯ್ಯೋ, ನಮ್ಮೂರೋರೇ ಕಣ್ರೀ ನೀವು!"

ಅಷ್ಟು ಖುಷಿಯಲ್ಲಿ ಅಂದನಲ್ಲ, ತಿರುಗಿ ನೋಡಿಬಿಟ್ಟೆ. ನಗುವಾಗ ಅವನ ಎಡಗಣ್ಣು ಬಲಗಣ್ಣಿಗಿಂತ ಮೊದಲು ಚಿಕ್ಕದಾಗುತ್ತದೆ. ಅದನ್ನು ನೋಡಿದ್ದೇ ತಪ್ಪಾಯಿತು.

ಆಮೇಲೆ ‘ಕಣ್ರೀ’ ಹೋಗಿ ‘ಕಣೇ’ ಬಂತು. ಕ್ಯಾಂಟೀನಿನಲ್ಲಿ ನಾನು ಐದು ನಿಮಿಷಕ್ಕೆ ಊಟ ಮುಗಿಸುವುದನ್ನು ಕಂಡು, "ಯಾರೂ ಕಿತ್ಕೊಳಲ್ಲ, ನಿಧಾನ ತಿನ್ನೇ," ಎಂದು ರೇಗಿಸುತ್ತಿದ್ದ. ನಾನೂ ನಗುತ್ತಿದ್ದೆ. ನಲವತ್ತು ಹುಡುಗಿಯರ ಸಾಲಿನಲ್ಲಿ ಉಂಡು ಬೆಳೆದವಳು ನಿಧಾನ ಕಲಿಯುವುದಾದರೂ ಎಲ್ಲಿ? ಅದನ್ನು ಹೇಳಲು ಹೋದರೆ ಮೈಸೂರಿನ ಬಾಲಮಂದಿರದ ಕಥೆ ಹೇಳಬೇಕಿತ್ತು. ಹದಿನೆಂಟು ತುಂಬಿತೆಂದು ಒಂದು ಬ್ಯಾಗು, ಒಂದು ಫೈಲು ಕೊಟ್ಟು "ಚೆನ್ನಾಗಿರವ್ವ" ಎಂದು ಕಳಿಸಿದ್ದನ್ನು ಹೇಳಬೇಕಿತ್ತು. ಕೇಳಿದ ಮೇಲೆ ಆ ಎಡಗಣ್ಣಿನಲ್ಲಿ ನಗು ಹೋಗಿ ಕನಿಕರ ಬಂದರೆ? ಅದೇ ಭಯ.

ಭಾನುವಾರ ಹಾಸ್ಟೆಲಿನಲ್ಲಿ ಎಲ್ಲರ ಫೋನೂ ಬಡಿದುಕೊಳ್ಳುತ್ತದೆ. ನಾನು ಬಟ್ಟೆ ಒಗೆಯಲು ಹೋಗುತ್ತೇನೆ. ನನ್ನಷ್ಟು ಶುಭ್ರವಾದ ಬಟ್ಟೆ ಅಲ್ಲಿ ಇನ್ಯಾರದೂ ಇಲ್ಲ.

ಸೆಮಿಸ್ಟರ್ ರಜೆಗೆ ಹಾಸ್ಟೆಲ್ ಹದಿನೈದು ದಿನ ಮುಚ್ಚಿತು. ಅಡುಗೆಯ ಕೆಂಪಾಜಮ್ಮ, "ಇಲ್ಲೇ ಹತ್ರ, ನಮ್ಮೂರು ಕಳಲೆಗೆ ಬಾ ಕೂಸು, ನಂಗೂ ಜೊತೆ ಆಯ್ತದೆ," ಅಂದಿದ್ದರು. ಸಂಜೆಯೊಳಗೆ ಬರುತ್ತೇನೆಂದು ಒಪ್ಪಿದ್ದೆ. ಅಷ್ಟರಲ್ಲಿ ಅಮೃತೇಶ ಬಂದು, "ಒಂದೇ ಊರು, ಒಂದೇ ಬಸ್ಸು," ಎನ್ನುತ್ತ ನನ್ನ ಬ್ಯಾಗನ್ನೇ ಎತ್ತಿಕೊಂಡ. ಬೇಡ ಎನ್ನಲಾಗಲಿಲ್ಲ. ಒಂದು ಗಂಟೆ ಅವನ ಪಕ್ಕ ಕೂರುವ ಆಸೆ ನನ್ನದು.

ನರಸೀಪುರದಲ್ಲಿ ಇಳಿದೆವು. "ಬ್ಯಾಗ್ ಭಾರ ಇದೆ, ಮನೆವರ್ಗೂ ಬತ್ತೀನಿ," ಅಂದ. ಅಲ್ಲೇ ಹೇಳಿಬಿಡಬಹುದಿತ್ತು. ಹೇಳದೆ ನಡೆದೆ. ಒಂದು ಬೀದಿ ದಾಟಿ ಇನ್ನೊಂದು ಬೀದಿ. ಕೊನೆಗೆ ಒಂದು ನೀಲಿ ಗೇಟಿನ ಮುಂದೆ ನಿಂತು, "ಇದೇ," ಅಂದೆ.

ಒಳಗಿಂದ ಅಜ್ಜಿಯೊಬ್ಬರು ಬಂದರು. "ಯಾರವ್ವಾ? ಯಾರ್ ಮನೆ ಬೇಕಾಗಿತ್ತು?"

"ಇದು ಪುಟ್ಟಮಾದಮ್ಮಜ್ಜಿ ಮನೆಯಲ್ವೇನೇ?" ಅಮೃತೇಶ ಮೆಲ್ಲಗೆ ಅಂದ.

"ನೀರು ಬೇಕಿತ್ತು ಅಜ್ಜಿ," ಅಂದೆ. ಪಾಪ, ಅವರು ಚೊಂಬಿನ ತುಂಬ ತಂದುಕೊಟ್ಟರು. ಗಟಗಟ ಕುಡಿಯಲು ಹೋಗಿ ಅರ್ಧ ಮೈಮೇಲೆ ಚೆಲ್ಲಿಕೊಂಡೆ.

ಬೀದಿಯ ತಿರುವಿನಲ್ಲಿ ಎಲ್ಲವನ್ನೂ ಹೇಳಿದೆ. "ನಾಲ್ಕು ವರ್ಷದೋಳಿದ್ದಾಗ ಈ ಊರಿನ ಬಸ್ ಸ್ಟ್ಯಾಂಡಲ್ಲಿ ಸಿಕ್ಕಿದ್ನಂತೆ. ಅದ್ಕೇ ಟಿ. ಇಲ್ಲಿ ನಂಗೆ ಬೇರೆ ಏನೂ ಇಲ್ಲ ಕಣೋ."

ಅವನ ಕಣ್ಣಿನಲ್ಲಿ ಕನಿಕರ ಹುಡುಕಿದೆ. ಇದ್ದದ್ದು ಸಿಟ್ಟು.

"ಐದ್ ತಿಂಗ್ಳಿಂದ ಒಬ್ಳೇ ನುಂಗ್ಕೊಂಡಿದ್ಯಲ್ಲೇ! ನಾನ್ಯಾಕಿದ್ದೆ ಮತ್ತೆ? ನಡಿ ನಮ್ಮನೇಗೆ. ಅಮ್ಮಂಗೆ ನಾನ್ ಹೇಳ್ತೀನಿ."

"ಏನಂತ?"

"ನಾನು ಇಷ್ಟಪಟ್ಟಿರೋ ಹುಡ್ಗಿ ಅಂತ."

ನನ್ನ ಬಗ್ಗೆ ಯಾರಾದರೂ ಹಾಗೆ ಹೇಳುತ್ತಾರೆಂದು ಕನಸಿನಲ್ಲೂ ಅಂದುಕೊಂಡಿರಲಿಲ್ಲ. ಅವನ ಅಂಗಿಯ ತುದಿ ಹಿಡಿದುಕೊಂಡು ಹಿಂದೆಯೇ ಹೋಗಿಬಿಡೋಣ ಅನ್ನಿಸಿತು. ಕಾಲು ಮಾತ್ರ ಬಸ್ ಸ್ಟ್ಯಾಂಡಿನ ಕಡೆ ತಿರುಗಿತು. ಅವನು ಬ್ಯಾಗ್ ಹಿಡಿದುಕೊಂಡು ಹಿಂದೆ ಬಂದ.

ನಂಜನಗೂಡಿನ ಬಸ್ಸು ಹೊರಡಲು ನಿಂತಿತ್ತು.

"ಅಂದ್ರೆ, ನಿಂಗೆ ಇಷ್ಟ ಇಲ್ವಾ?" ಅವನ ದನಿ ಸಣ್ಣಗಾಗಿತ್ತು.

"ಇಷ್ಟ ಇದೆ ಕಣೋ. ತುಂಬಾ ಇದೆ. ಅದ್ಕೇ ಬತ್ತಿಲ್ಲ. ಇವತ್ತು ಬಂದ್ರೆ, ನಿಂಗೋಸ್ಕರ ಬಂದ್ನೋ, ಮನೆ ಇಲ್ಲ ಅಂತ ಬಂದ್ನೋ, ನಂಗೇ ಗೊತ್ತಾಗಲ್ಲ. ಡಿಗ್ರಿ ಮುಗೀಲಿ. ಒಂದು ಕೆಲ್ಸ, ಒಂದು ರೂಮು, ನಂದು ಅಂತ ಒಂದು ಬಾಗ್ಲು ಆಗ್ಲಿ. ಅದಕ್ಕೆ ಬೀಗ ಹಾಕ್ಕೊಂಡು ನಿಮ್ಮನೇಗೆ ಬತ್ತೀನಿ."

ನಾನು ಹತ್ತಿ ಕೂತೆ. ಅವನು ಬ್ಯಾಗನ್ನು ಕಿಟಕಿಯಿಂದ ಒಳಗೆ ಕೊಟ್ಟ. ಬೆರಳು ತಾಗಿತು. ಇಬ್ಬರೂ ಬೇಗ ಬಿಡಲಿಲ್ಲ.

ಬಸ್ಸು ಕದಲಿತು. ಅವನು ಕಿಟಕಿಯ ಜೊತೆ ನಡೆದ, ಆಮೇಲೆ ಓಡಿದ. "ಕಾಯ್ತೀನಿ ಕಣೇ!" ಎಂದು ಕೂಗಿದ್ದಕ್ಕೆ ಸ್ಟ್ಯಾಂಡಿನವರೆಲ್ಲ ತಿರುಗಿ ನೋಡಿದರು. ನನ್ನನ್ನು ಬಸ್ಸು ಹತ್ತಿಸಲು ಈವರೆಗೆ ಯಾರೂ ಬಂದವರಿಲ್ಲ.

"ಎಲ್ಲಿಗವ್ವಾ?" ಕಂಡಕ್ಟರ್ ಕೇಳಿದ.

"ನಂಜನಗೂಡು," ಅಂದೆ, ಅಳುತ್ತಲೇ. ಅಲ್ಲಿಂದ ಕಳಲೆಗೆ, ಕೆಂಪಾಜಮ್ಮನ ಮನೆಗೆ.