ವರ್ಷ ತುಂಬುವ ಮೊದಲು

"ಅಪ್ಪ ಹೋಗಿ ಇನ್ನೂ ವಾರ ಆಗಿಲ್ಲ, ಆಗ್ಲೇ ಮನೆ ಅಳೆಯೋಕೆ ಬಂದ್ರಾ? ಯಾವ ಬಿಲ್ಡರ್ ಕಳ್ಸಿದ್ದು ನಿಮ್ಮನ್ನ?"

ಚೂಡಾಮಣಿಯ ಮಾತಿಗೆ ಗೇಟಿನ ಬಳಿ ನಿಂತಿದ್ದವನ ಕೈಯಿಂದ ಟೇಪು ಜಾರಿತು.

"ಬಿಲ್ಡರ್ ಅಲ್ರೀ... ಆರ್ಕಿಟೆಕ್ಟ್ ಅದೀನಿ, ಬಸವಂತ ಅಂತ. ಜಯನಗರದ ಹಳೇ ಮನಿಗಳ ನಕ್ಷೆ ಬರೀತೀನಿ. ಯಜಮಾನ್ರೇ ಬಾ ಅಂದಿದ್ರು. ಹೋಗ್ಯಾರಂತ ಗೊತ್ತಿರಲಿಲ್ರಿ..."

ಚಪ್ಪಲಿ ಕಳಚಿ, ಅಪ್ಪನ ಹೆಸರಿನಲ್ಲಿ ಉರಿಯುತ್ತಿದ್ದ ದೀಪಕ್ಕೆ ಕೈಮುಗಿದು ಅವನು ಹೊರಟುಹೋದ.

ಕರ್ಮಗಳೆಲ್ಲ ಮುಗಿದ ಮೇಲೆ ಅವಳೇ ಕರೆಸಿದಳು. ಚಿಕ್ಕಪ್ಪಂದಿರು ಮನೆ ಮಾರಲು ನಿಶ್ಚಯಿಸಿದ್ದರು. ಕೆಡವುವ ಮೊದಲು ಕಾಗದದ ಮೇಲಾದರೂ ಉಳಿಯಲಿ ಎಂದು ಅವಳ ಆಸೆ.

ಭಾನುವಾರಗಳಂದು ಅವನು ಬಿಟಿಎಂ ಬಡಾವಣೆಯ ಬಾಡಿಗೆ ಕೋಣೆಯಿಂದ ಬರುತ್ತಿದ್ದ. ಅವಳು ಟೇಪಿನ ತುದಿ ಹಿಡಿಯುತ್ತಿದ್ದಳು. ದುಂಡು ವರಾಂಡ, ಕೆಂಪು ಗಾರೆಯ ನೆಲ, ಬೆಳಕಿಗೆಂದು ಸಿಮೆಂಟಿನ ಜಾಲರಿ ಬಿಟ್ಟ ಮೆಟ್ಟಿಲ ಗೋಡೆ... ಅನಾಥವಾಗಿದ್ದ ಮನೆಗೆ ಆ ಹೊತ್ತು ಮಾತ್ರ ಜೀವ ಬರುತ್ತಿತ್ತು.

"ಗ್ವಾಡಿ ಎಷ್ಟ್ ದಪ್ಪ ಅದಾವ್ರಿ! ನನ್ನ ರೂಮಿನ್ಯಾಗ ಪಕ್ಕದ ಮನಿಯವ್ರು ಸೀನಿದ್ರ, ನೂರ್ ವರ್ಷ ಬಾಳ್ರಿ ಅಂತ ನಾನೇ ಹರಸ್ತೀನಿ."

ಅಪ್ಪ ಹೋದ ಮೇಲೆ ಅವಳು ಮೊದಲ ಸಲ ನಕ್ಕದ್ದು ಅಂದೇ.

ಆದರೆ ತಿಂಗಳುಗಳು ಕಳೆದರೂ ಅವನು ಗೋಡೆಯ ಮಾತು ಬಿಟ್ಟು ಬೇರೆ ಮಾತೆತ್ತಲಿಲ್ಲ. 'ಅವನ ಕಣ್ಣಲ್ಲಿ ಕಂಡ ಒಲವೆಲ್ಲ ನನ್ನ ಭ್ರಮೆಯೇ?'

ಚಿಕ್ಕಮ್ಮ ವಿಮಲಾ ಅವಸರಪಡಿಸಿದರು. "ಅಪ್ಪ ಹೋದ ವರ್ಷದೊಳಗೆ ಮದುವೆ ಆಗ್ಬೇಕು ಕಣೇ. ದಾಟಿದ್ರೆ ಮೂರು ವರ್ಷ ಕಾಯ್ಬೇಕು. ನಾಳೆ ಗಂಡಿನ ಕಡೆಯವ್ರು ಬರ್ತಿದಾರೆ, ಮೂಗು ಮುರೀಬೇಡ."

ಅಂದು ಬಸವಂತ ಕೊನೆಯ ಕಿಟಕಿ ಅಳೆಯುತ್ತಿದ್ದ.

"ನಾಳೆ ನನ್ನ ನೋಡೋಕೆ ಬರ್ತಿದಾರೆ. ಒಪ್ಕೊಳ್ಳೋಣ ಅಂತಿದೀನಿ," ಎಂದಳು.

ಅವನ ಮುಖ ಕಪ್ಪಿಟ್ಟಿತು. "ಇನ್ನೂ ವರ್ಷ ಕಳದಿಲ್ಲಲ್ರೀ... ಸಾವಿನ ಮನ್ಯಾಗ ಮದಿವಿ ಮಾತ ಹ್ಯಾಂಗ?"

"ನಮ್ಮಲ್ಲಿ ವರ್ಷದೊಳಗೇ ಮಾಡ್ತಾರೆ. ಮಗಳನ್ನ ಧಾರೆ ಎರೆದ್ರೆ ಹೋದವ್ರಿಗೆ ಪುಣ್ಯ ಅಂತ. ನಿಮಗೆ ಗೊತ್ತಿಲ್ವಾ?"

"ಅಯ್ಯೋ ಶಿವನೇ! ನಮ್ಮ ಮನ್ಯಾಗ ವರ್ಷ ಕಳಿಯೂತನಕ ಶುಭದ ಮಾತ ಎತ್ತೂದಿಲ್ರಿ. ಅದಕ್ಕ... ಅದಕ್ಕ ನಾಲಿಗಿ ಕಚ್ಕೊಂಡು ಬರೇ ಗ್ವಾಡಿ ಅಳತಿ ಮಾಡಿದೆ!"

ತನ್ನ ದುಃಖಕ್ಕೆ ಅವನು ಕೊಟ್ಟ ಮರ್ಯಾದೆಯನ್ನು ತಾನು ತಾತ್ಸಾರವೆಂದು ತಿಳಿದಿದ್ದಳಲ್ಲ! ಅವಳ ಕಣ್ಣು ತುಂಬಿ ಬಂತು.

"ಮನೆ ಹೋಗುತ್ತೆ ಬಸವಂತ. ನೀವೂ ಹೋಗ್ತೀರಿ ಅಂದ್ಕೊಂಡಿದ್ದೆ..."

"ನಾ ಎಲ್ಲೂ ಹೋಗೂದಿಲ್ರಿ. ನನ್ನ ಮದಿವಿ ಆಗ್ತೀರೇನ್ರಿ?"

"ಆಗ್ತೀನಿ. ಒಳಗೆ ಚಿಕ್ಕಮ್ಮ ಇದಾರೆ, ಈಗ್ಲೇ ಬಂದು ಕೇಳಿ."

"ಬ್ಯಾರೆ ಜಾತಿ ಅಂತ ಬೈದ್ರ?"

"ಬೈತಾರೆ... ನಾನು ನಿಮ್ಮ ಪಕ್ಕದಲ್ಲೇ ನಿಂತಿರ್ತೀನಿ."