ಮೊದಲ ಕರೆಗೇ ಓಗೊಟ್ಟವನು

ಬನ್ನೇರುಘಟ್ಟದ ಕಾಡಿನ ನಡುವಿನ ಹೆಬ್ಬಂಡೆಯ ಮೇಲೆ ನಿಂತು ಸಂಗಮೇಶ್ "ವೇಣೀ" ಎಂದು ಕೂಗಿದ. ನಾಲ್ಕು ಮಾರು ದೂರದಲ್ಲಿ, ಗುಂಡುಕಲ್ಲೊಂದರ ಮರೆಯಲ್ಲಿ ಕುಳಿತಿದ್ದ ವೇಣಿ ತುಟಿ ಬಿಗಿಹಿಡಿದಳು.

ಅವನು ಕಲ್ಲು ಸುತ್ತಿ ಬಂದ. "ಇಲ್ಲೇ ಅದೀರಲ್ರೀ! ಓ ಅನ್ನೋಕೇನು?"

"ಕಾಡಲ್ಲಿ ಮೊದಲ್ನೇ ಸಲ ಕರೆದ್ರೆ ನಾವು ಓ ಅನ್ನಲ್ಲ ಸಾರ್. ಗೊತ್ತಿರೋರ ದನೀಲೇ ಅದು ಕರೀತದೆ. ಓ ಅಂದೋರು ಅದರ ಪಾಲು."

"ಅದು ಅಂದ್ರೆ?"

"ಹೆಸರು ಹೇಳ್ಬಾರ್ದು. ಅದಕ್ಕೇ ಅಲ್ವಾ ಊರೆಲ್ಲ ಬಾಗಿಲ ಮೇಲೆ 'ನಾಳೆ ಬಾ' ಅಂತ ಬರೆದಿರೋದು?"

ಅವನು ನಕ್ಕ. ಎಲೆಕ್ಟ್ರಾನಿಕ್ ಸಿಟಿಯ ಕಾರ್ಖಾನೆಯೊಂದರಲ್ಲಿ ಅವನು ಟೆಸ್ಟಿಂಗ್ ಎಂಜಿನಿಯರ್, ದಾವಣಗೆರೆಯವನು. ಅವಳು ಅಲ್ಲೇ ಸರ್ಕ್ಯೂಟ್ ಬೋರ್ಡುಗಳಿಗೆ ಸೋಲ್ಡರ್ ಹಾಕುವವಳು, ದೊಡ್ಡತೋಗೂರಿನ ಆವಲಪ್ಪನ ಮಗಳು. ಕಾರ್ಖಾನೆಯಿಂದ ಪಿಕ್ನಿಕ್ಕಿಗೆ ಬಂದ ಉಳಿದವರೆಲ್ಲ ಕೆಳಗೆ ಸಫಾರಿಯಲ್ಲಿ ಹುಲಿ ನೋಡುತ್ತಿದ್ದರು.

ಬಂಡೆಯ ಕಪ್ಪು ಬಿಳಿ ಪಟ್ಟೆಗಳ ಮೇಲೆ ಅವನು ಅಂಗೈ ಇಟ್ಟ. "ಮುನ್ನೂರು ಕೋಟಿ ವರ್ಷದ ಕಲ್ಲು. ಭೂಮಿ ಒಳಗೆ ಬೆಂದು, ಕಣಕದಂಗೆ ಮಡಚಿಕೊಂಡದ್ದು."

ಅವಳೂ ಕೈ ಇಟ್ಟಳು, ಅವನ ಬೆರಳಿಗೆ ತಾಗದಷ್ಟೇ ದೂರದಲ್ಲಿ. ಸುಡುಬಿಸಿಲಿದ್ದರೂ ಕಲ್ಲು ತಣ್ಣಗಿತ್ತು. ಒಂದು ಹಕ್ಕಿಯೂ ಕೂಗುತ್ತಿರಲಿಲ್ಲ.

"ಪುಣೆಗೆ ವರ್ಗ ಮಾಡ್ಯಾರೆ," ಎಂದ. "ನೀವು ಮದುವೆಗೆ ಹೂಂ ಅಂದ್ರೆ ಬೇಡ ಅಂತೀನಿ. ಇಲ್ಲಾಂದ್ರೆ ಹೋಗ್ತೀನಿ."

"ನಾವು ಕುರಿ ಕೋಳಿ ತಿನ್ನೋರು. ನಿಮ್ಮನೆಯೋರು ನಮ್ಮನೇಲಿ ನೀರು ಕುಡೀತಾರಾ ಸಾರ್?"

"ನಾನು ಕುಡೀತೀನಲ್ಲ."

"ಮುದ್ದೆ ನುಂಗೋಕ್ ಬರುತ್ತಾ?"

"ಅಗಿದು ತಿಂತೀನಿ."

ಅವಳ ನಗು ಬಾಯಿವರೆಗೂ ಬಂತು. ಹೂಂ ಎಂಬುದು ಬರಲಿಲ್ಲ. ಅಪ್ಪನ ಮುಖ ಕಣ್ಣೆದುರಿಗೆ ಬಂದಿತ್ತು. ಅವನು ಕಾದ. ಆಮೇಲೆ ತಲೆ ತಗ್ಗಿಸಿಕೊಂಡು ಇಳಿಯತೊಡಗಿದ.

ಅವಳು ಎದ್ದು ನಿಂತಳು. ಕರೆಯಬೇಕು. ಆದರೆ ಬಾಯಿ ಮುಚ್ಚಿಯೇ ಇತ್ತು.

"ಸಂಗಮೇಶ್!"

ಅವಳದೇ ದನಿ. ಬಂದದ್ದು ಮಾತ್ರ ಅವಳ ಬೆನ್ನ ಹಿಂದಿನಿಂದ, ಕಲ್ಲಿನ ಕಡೆಯಿಂದ. ಅವಳು ಎಂದೂ ಅವನನ್ನು ಹೆಸರು ಹಿಡಿದು ಕರೆದವಳಲ್ಲ.

"ಓ!" ಎಂದ ಅವನು, ಮೊದಲ ಕರೆಗೇ.

ಏದುಸಿರು ಬಿಡುತ್ತ ಹತ್ತಿ ಬಂದ. ಮುಖ ಅರಳಿತ್ತು. "ಕರೆದ್ರಲ್ಲ?"

ವೇಣಿ ಹಿಂದೆ ತಿರುಗಲಿಲ್ಲ. ಬೆನ್ನ ಹಿಂದೆ ಏನೋ ಉಸಿರು ಹಿಡಿದು ಕಾಯುತ್ತಿತ್ತು. ತಾನು ಕರೆಯಲಿಲ್ಲವೆಂದರೆ ಅವನು ಯಾರ ಪಾಲು ಎಂಬುದು ಅವಳಿಗೆ ಗೊತ್ತಿತ್ತು.

ಅವನ ಮಣಿಕಟ್ಟನ್ನು ನೋಯುವಷ್ಟು ಬಿಗಿಯಾಗಿ ಹಿಡಿದು, ಕಾಡಿಗೆಲ್ಲ ಕೇಳುವಂತೆ ಹೇಳಿದಳು: "ಹೂಂ, ನಾನೇ ಕರೆದದ್ದು. ನನ್ನೋನನ್ನ ನಾನೇ ಕರೆದೆ. ನಡಿ, ಇಳಿಯೋಣ."